ಅಜ್ಜಿ ಕಾವಲಿದ್ದ ನರ್ಸಿಂಗ್ ಶಾಲೆ

ಲಿಂಗಸುಗೂರಿನಲ್ಲಿ ಹಳ್ಳಿಯ ಹೆರಿಗೆ ದಾದಿಯರಿಗೆ ಪಾಠ ಹೇಳುವ ಕೆಲಸ ನನಗೆ ಬಂದಾಗ, ನನ್ನ ಮುಂದೆ ಕೂತವರಲ್ಲಿ ನಮ್ಮ ಸೀಮೆಯ ಹುಡುಗಿ ಒಬ್ಬಳೂ ಇರಲಿಲ್ಲ. ಕರಾವಳಿಯಿಂದ ಬಂದವರಿದ್ದರು, ಕೇರಳದವರಿದ್ದರು, ಬೆಂಗಳೂರಿನ ಕಡೆಯವರಿದ್ದರು. ಒಳ್ಳೆಯ ಹುಡುಗಿಯರೇ. ಆದರೆ ತರಬೇತಿ ಮುಗಿಸಿ ಹಳ್ಳಿಗೆ ಹೋದವರು ನಮ್ಮ ಒಂದು ಬೇಸಿಗೆ ಕಂಡರೆ ಸಾಕು, ವರ್ಗ ಮಾಡಿಸಿಕೊಂಡು ಹೊರಟುಬಿಡುತ್ತಿದ್ದರು. ಅವರನ್ನು ದೂರುವಂತೆಯೂ ಇರಲಿಲ್ಲ. ಹೆಂಗಸೊಬ್ಬಳು ಬಂದು, "ಜೀವಕ್ಕ ಸಮಾ ಇಲ್ರೀ, ಹೊಟ್ಟ್ಯಾಗ ಕಲಮಲ ಅಂತೈತಿ" ಎಂದರೆ ಅವರು ನನ್ನ ಮುಖ ನೋಡುತ್ತಿದ್ದರು. ನಾನು ಬಿಡಿಸಿ ಹೇಳುವಷ್ಟರಲ್ಲಿ ಆ ಹೆಂಗಸು ಸೆರಗು ಎಳೆದುಕೊಂಡು ಎದ್ದು ಹೋಗಿರುತ್ತಿದ್ದಳು.

ನಾನು ಲಿಂಗಸುಗೂರಿನವಳೇ. ಅಪ್ಪ ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶ್ಕಾರರಾಗಿದ್ದರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ, ಹೈದರಾಬಾದಿನಲ್ಲಿ ನರ್ಸಿಂಗ್ ಕಲಿತು, ಮದುವೆ ಬೇಡವೆಂದು ಹಟ ಹಿಡಿದು ಊರಿಗೆ ವಾಪಸು ಬಂದಿದ್ದೆ. ಅರವತ್ತರ ದಶಕದ ನಡುವಿನ ಮಾತು ಇದು. ಸಿಂಧನೂರಿನ ಕಡೆ ಕಾಲುವೆಯ ನೀರು ಹರಿದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗುತ್ತಿದ್ದವು. ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿಕೊಂಡಿದ್ದರು. ನೀರಿನ ಜೊತೆ ಸೊಳ್ಳೆ ಬಂತು, ಚಳಿಜ್ವರ ಬಂತು, ಕೂಲಿಗೆಂದು ಸಾವಿರಾರು ಜನ ಬಂದರು. ಅವರಲ್ಲಿ ಬಸುರಿಯರಿದ್ದರು, ಹಸುಗೂಸುಗಳಿದ್ದವು. ದವಾಖಾನೆ ಮಾತ್ರ ದೂರ ದೂರ.

ನಮ್ಮ ದೊಡ್ಡ ಡಾಕ್ಟರು ಹಳೆಯ ಹೈದರಾಬಾದ್ ಸರ್ವಿಸಿನವರು. ಒಂದು ದಿನ ಚಹಾ ಕುಡಿಯುತ್ತಾ ಕೇಳಿದರು: "ಸಿಸ್ಟರ್, ಹೊರಗಿನೋರನ್ನ ಎಷ್ಟು ದಿನಾ ಅಂತ ಕಲಸ್ತೀರಿ? ನಿಮ್ಮ ಮುಲ್ಕಿನಾಗ ಹುಡುಗ್ಯಾರು ಹುಟ್ಟೇ ಇಲ್ಲೇನು?"

"ಹುಟ್ಯಾರ ಸಾಹೇಬ್ರ. ಕಳಸೋರು ಇಲ್ಲ."

"ಹಂಗಾದ್ರ ನೀವೇ ಹೋಗಿ ಕರಕೊಂಡು ಬರ್ರಿ."

ಆ ಮಾತು ನನಗೆ ನಾಟಿತು. ರಜೆಯ ದಿನ ಬಸ್ಸು ಹತ್ತಿ ಮಸ್ಕಿ, ಸಾಲಗುಂದ, ಸಿಂಧನೂರು ಅಂತ ಶಾಲೆಗಳನ್ನು ಸುತ್ತಲು ಶುರು ಮಾಡಿದೆ. ಹೆಡ್‌ಮಾಸ್ತರರನ್ನು ಕಂಡು, ಏಳನೆಯದು ಪಾಸಾದ ಹುಡುಗಿಯರು ಯಾರಿದ್ದಾರೆ ಎಂದು ವಿಚಾರಿಸುತ್ತಿದ್ದೆ. ಬಹಳ ಮಂದಿಯ ಲಗ್ನ ಆಗಿಹೋಗಿರುತ್ತಿತ್ತು. ಉಳಿದವರ ಮನೆಯಲ್ಲಿ ನೀರು ಕೊಟ್ಟು, ಮರ್ಯಾದೆಯಿಂದಲೇ "ಆಗಂಗಿಲ್ರೀ" ಎಂದು ಕಳಿಸುತ್ತಿದ್ದರು.

ಮೊದಲು ಹೂಂ ಅಂದವಳು ಸಾಲಗುಂದದ ಒಬ್ಬ ಎಳೆಯ ವಿಧವೆ. ಅವಳಣ್ಣ ಶಾಲಾ ಮಾಸ್ತರ. "ಮನ್ಯಾಗ ಮೂಲಿ ಹಿಡದು ಕುಂದ್ರೂದಕ್ಕಿಂತ ಕಲೀಲಿ ಬಿಡ್ರೀ" ಎಂದು ಅವನೇ ಮುಂದಾಗಿ ಕಳಿಸಿದ. ಎರಡನೆಯವಳೇ ಮಸ್ಕಿಯ ಹುಡುಗಿ.

ಅವಳ ಮನೆ ಇದ್ದದ್ದು ಮಸ್ಕಿಯ ಗುಡ್ಡದ ಮಗ್ಗುಲಲ್ಲಿ, ಕುರಿಗಾರರ ಓಣಿಯಲ್ಲಿ. ಅಲ್ಲಿಯ ಹೆಡ್‌ಮಾಸ್ತರರೂ ನನ್ನ ಜೊತೆ ಬಂದಿದ್ದರು. ಅಪ್ಪ ಕಂಬಳಿ ಹಾಸಿ ನಮ್ಮನ್ನು ಕೂರಿಸಿದ. ಹುಡುಗಿ ಕಂಬಕ್ಕೆ ಆತು ನಿಂತಿದ್ದಳು. ಮುಖದ ತುಂಬ ಸಿಡುಬಿನ ಕಲೆ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತಂತೆ. ಮನೆಯ ಯಜಮಾನಿಕೆ ಅಜ್ಜಿಯದು. ಅಜ್ಜಿ ಹೊಸ್ತಿಲಲ್ಲಿ ಕೂತು ಉಣ್ಣೆ ನೂಲುತ್ತಿದ್ದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಹುಡುಗಿ ಏಳನೇತ್ತ ಪಾಸಾಗ್ಯಾಳ ಅಂತ ಮಾಸ್ತರು ಹೇಳಿದ್ರು," ಎಂದೆ.

"ಆಗ್ಯಾಳ್ರೀ. ಇನ್ನ ಲಗ್ನ ಮಾಡಬೇಕಂತ ವರ ನೋಡಾಕತ್ತೀವಿ," ಎಂದ ಅಪ್ಪ. ಆಮೇಲೆ ದನಿ ತಗ್ಗಿಸಿ, "ಮುಖ ನೋಡಿ ಹೊಳ್ಳಿ ಹೋಗಾಕತ್ತಾರ್ರೀ," ಎಂದ.

"ನನ್ನ ಹತ್ರ ಬಿಡ್ರಿ. ಕಲಸ್ತೀನಿ. ಸರಕಾರಿ ಕೆಲಸ ಆಗತೈತಿ. ಇದ ಸೀಮ್ಯಾಗ, ನಿಮ್ಮ ಕಣ್ಣ ಮುಂದ ಇರ್ತಾಳ."

ಆಗ ಅಜ್ಜಿ ತಲೆ ಎತ್ತಿದಳು. "ಅಲ್ಲಿ ಹುಡುಗ್ಯಾರನ್ನ ಕಾಯೋರು ಯಾರು?"

"ನಾ ಇರ್ತೀನಿ ಯಮ್ಮಾ."

"ನಿನಗ ಗಂಡ ಅದಾನೇನು?"

"ಇಲ್ಲ."

"ಹಂಗಾರ ನಿನ್ನ ಕಾಯೋರು ಯಾರು?"

ಹೆಡ್‌ಮಾಸ್ತರರು ಕೆಮ್ಮುವ ನೆಪ ಮಾಡಿ ನಕ್ಕರು. ನಾನು ಹುಡುಗಿಯ ಕಡೆ ತಿರುಗಿ, "ನಿನಗ ಮನಸ್ಸು ಐತೇನು?" ಎಂದು ಕೇಳಿದೆ.

"ಐತ್ರೀ," ಎಂದಳು, ನೆಲ ನೋಡುತ್ತಲೇ. "ಆದ್ರ ನಾಕ ಮಂದಿ ಮುಂದ ನಿಂತ್ರ ನನಗ ದನೀನ ಹೊಂಡಂಗಿಲ್ಲ."

ಅಜ್ಜಿ ನೂಲಿನ ಉಂಡೆಯನ್ನು ಮಡಿಲಿಗೆ ಹಾಕಿಕೊಂಡು ಎದ್ದಳು. "ಹುಡುಗಿ ಬರ್ತಾಳ. ಜೋಡಿ ನಾನೂ ಬರ್ತೀನಿ. ನನಗ ಎಲ್ಲಾ ಬರಾಬರ್ ಕಂಡ್ರ ಬಿಟ್ಟ ಬರ್ತೀನಿ. ಇಲ್ಲಂದ್ರ ಕರಕೊಂಡ ಬರ್ತೀನಿ." ಮಗನನ್ನು ಒಂದು ಮಾತು ಕೇಳಲಿಲ್ಲ. ಅವನೂ ಎದುರಾಡಲಿಲ್ಲ.

ಹೀಗೆ ನಮ್ಮ ಶಾಲೆಗೆ ಒಬ್ಬ ಕಾವಲುಗಾರ್ತಿ ಬಂದಳು.

ಶಾಲೆ ಎಂದರೆ ದೊಡ್ಡದೇನಲ್ಲ. ದವಾಖಾನೆಯ ಹಿಂದೆ ತಗಡಿನ ಮಾಡಿನ ಒಂದು ಉದ್ದ ಕೋಣೆ. ಅರ್ಧದಲ್ಲಿ ಪಾಠ, ಅರ್ಧದಲ್ಲಿ ಹುಡುಗಿಯರ ಹಾಸಿಗೆ. ಅಜ್ಜಿ ಬಾಗಿಲಿಗೆ ಅಡ್ಡವಾಗಿ ಕಂಬಳಿ ಹಾಸಿದಳು. ಅದನ್ನು ದಾಟದೆ ಯಾರೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ದೊಡ್ಡ ಡಾಕ್ಟರು ಪಾಠಕ್ಕೆ ಬಂದಾಗಲೂ, "ಯಾವೂರಾಂವ? ಎದಕ ಬಂದಿ?" ಎಂದು ಕೇಳಿದಳು. ನಾನು ಓಡಿ ಬಂದು ಹೇಳುವ ಮೊದಲೇ ಡಾಕ್ಟರು ಟೊಪ್ಪಿಗೆ ತೆಗೆದು, "ಪಾಠ ಹೇಳಾಕ ಬಂದೀನಿ, ಯಮ್ಮಾ. ಒಳಗ ಬರಾಕ ಇಜಾಜತ್ ಐತೇನು?" ಎಂದು ಕೇಳಿದರು. ಆ ಮೇಲೆ ಅವರಿಬ್ಬರಿಗೂ ಬಹಳ ಸ್ನೇಹ.

ನರ್ಸಿಂಗ್ ನಾನು ಓದಿದ್ದು ಇಂಗ್ಲಿಷಿನಲ್ಲಿ, ಪಾಠ ಕೇಳಿದ್ದು ಉರ್ದುವಿನಲ್ಲಿ. ಕನ್ನಡದಲ್ಲಿ ಹೇಳಬೇಕಾದಾಗ ನನಗೇ ಮಾತು ತಡವರಿಸುತ್ತಿತ್ತು. ಪುಸ್ತಕದ ದೊಡ್ಡ ಪದ ಹಿಡಿದು ಅರ್ಧ ತಾಸು ವಿವರಿಸಿ ದಣಿಯುತ್ತಿದ್ದೆ. ಒಂದು ದಿನ ಸಾಲಗುಂದದಾಕೆ, "ಅಕ್ಕಾರ, ಇದಕ್ಕ ನಂಜು ಆಗೂದು ಅಂತೀವಲ್ರೀ?" ಎಂದಳು. ಹೌದು, ಅದೇ. ಒಂದೇ ಮಾತಿನಲ್ಲಿ ಕೋಣೆಯ ತುಂಬ ಅರ್ಥವಾಯಿತು. ಅಂದಿನಿಂದ ಪ್ರತಿ ಪಾಠಕ್ಕೂ ಮುಂಚೆ, ನಿಮ್ಮೂರಲ್ಲಿ ಇದಕ್ಕೆ ಏನಂತಾರೆ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಅವರ ಮಾತಿನಲ್ಲಿ ಕಲಿಸಿ, ಆಮೇಲೆ ಪರೀಕ್ಷೆಯ ಮಾತು ಹೇಳಿಕೊಡುತ್ತಿದ್ದೆ. ಹೊರಗಿನಿಂದ ಬಂದ ಹುಡುಗಿಯರೂ ಇದರಿಂದ ನಮ್ಮ ಮಾತು ಕಲಿತರು. ಕೇರಳದ ಒಬ್ಬಳು "ಬ್ಯಾನಿ ಸುರು ಆಗ್ಯಾವೇನವಾ?" ಎಂದು ಕೇಳುವುದನ್ನು ಕೇಳಿ ಹೆರಿಗೆ ಕೋಣೆಯಲ್ಲಿದ್ದ ಬಸುರಿ ನೋವಿನಲ್ಲೂ ನಕ್ಕಿದ್ದಳು.

ಕೈ ತೊಳೆಯುವ ಪಾಠವನ್ನು ಮಾತ್ರ ನಾನು ಸಡಿಲ ಬಿಡುತ್ತಿರಲಿಲ್ಲ. ಸೋಪು ಹಚ್ಚಿ, ಉಗುರಿನ ಸಂದು ಉಜ್ಜಿ, ಮೊಣಕೈವರೆಗೆ ತೊಳೆಯಬೇಕು. ದಿನಾ ಇದೇ. ಬಾಗಿಲಲ್ಲಿ ಕೂತ ಅಜ್ಜಿಗೆ ಬೇಸರ ಬಂತು.

"ಕೈ ತೊಳಿಯೂದು ಕಲಸಾಕ ಸಾಲಿ ಬೇಕೇನ ಬೇ? ನಮ್ಮ ಕುರಿಮರೀನೂ ನೀರಾಗ ಇಳದ್ರ ಕಾಲ ತೊಳಕೊಂತಾವ."

ನಾನು ವಾದ ಮಾಡಲಿಲ್ಲ. ಬಿಳಿಯ ಬೋಗುಣಿಯಲ್ಲಿ ಬಿಸಿನೀರು ತಂದು ಮುಂದಿಟ್ಟು, "ನೀವು ತೊಳೀರಿ ಯಮ್ಮಾ" ಎಂದೆ. "ಈಗ ತೊಳದ ಬಂದೀನಿ" ಎಂದಳು. ತೊಳೆದುಕೊಂಡೇ ಬಂದಿದ್ದಳು, ಅದು ನಿಜ. ಆದರೂ ಸೋಪು ಹಚ್ಚಿ ಉಜ್ಜಿದಾಗ ನೀರು ಚಹಾದ ಬಣ್ಣಕ್ಕೆ ತಿರುಗಿತು. ಅಜ್ಜಿ ಬಗ್ಗಿ ನೋಡಿದಳು. ಇನ್ನೊಂದು ಬೋಗುಣಿ ತರಲು ಹೇಳಿದಳು. ಮೂರನೆಯ ಸಲ ನೀರು ತಿಳಿಯಾಗಿ ನಿಂತಾಗ ಬಾಯಿ ತುಂಬ ನಕ್ಕು, "ನಿನ್ನ ಬಿಳೇ ಬೋಗುಣಿ ಚಾಡಿ ಹೇಳತೈತಿ ನೋಡವಾ!" ಎಂದಳು. ಅವತ್ತಿನಿಂದ ಹುಡುಗಿಯರು ಊಟಕ್ಕೆ ಕೂರುವಾಗ ಅಜ್ಜಿ ಎಲ್ಲರ ಕೈ ತಿರುವಿ ತಿರುವಿ ನೋಡಿಯೇ ರೊಟ್ಟಿ ಹಾಕುತ್ತಿದ್ದಳು. ಅಡುಗೆಯೂ ಅಷ್ಟರಲ್ಲಿ ಅವಳ ಕೈಗೇ ಹೋಗಿತ್ತು. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ. ಪಟ್ಟಿ ಕಟ್ಟುವುದನ್ನು ಕಲಿಯಲು ಹುಡುಗಿಯರಿಗೆ ಒಂದು ಮೈ ಬೇಕಾದಾಗಲೂ ಅಜ್ಜಿಯೇ. ತಲೆಗೆ, ಮೊಣಕಾಲಿಗೆ, ಎರಡೂ ಕೈಗೆ ಪಟ್ಟಿ ಕಟ್ಟಿಸಿಕೊಂಡು, ಹಾಗೆಯೇ ಬಾಗಿಲಲ್ಲಿ ಕೂತಿರುತ್ತಿದ್ದಳು. ದವಾಖಾನೆಗೆ ಬಂದವರು ಏನಾಯಿತು ಎಂದು ಗಾಬರಿಯಿಂದ ಕೇಳಿದರೆ, "ಹುಡುಗ್ಯಾರು ಕಲ್ಯಾಕತ್ತಾರ" ಎನ್ನುತ್ತಿದ್ದಳು.

ನನ್ನ ಇಬ್ಬರು ಹುಡುಗಿಯರು ಒಬ್ಬರಿಗೊಬ್ಬರು ತದ್ವಿರುದ್ಧ. ಸಾಲಗುಂದದಾಕೆ ಒಮ್ಮೆ ಓದಿದರೆ ಮರೆಯುತ್ತಿರಲಿಲ್ಲ, ಎದ್ದು ನಿಂತು ಗಂಟೆ ಬಾರಿಸಿದ ಹಾಗೆ ಹೇಳುತ್ತಿದ್ದಳು. ಮಸ್ಕಿಯ ಹುಡುಗಿಗೆ ಎಲ್ಲ ಗೊತ್ತಿರುತ್ತಿತ್ತು, ಪರೀಕ್ಷೆಗೆಂದು ನಿಲ್ಲಿಸಿದರೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಸೈಕಲ್ಲಿನ ಹೊತ್ತಿಗೆ ಇದು ತಿರುಗಾಮುರುಗಾ ಆಯಿತು.

ಒಬ್ಬ ದಾದಿಗೆ ಏಳೆಂಟು ಹಳ್ಳಿ. ಬಸ್ಸಿಗೆ ಕಾಯುತ್ತ ಕೂತರೆ ಹೆರಿಗೆ ಕಾಯುವುದಿಲ್ಲ. ಸೈಕಲ್ ಕಲಿಯಲೇಬೇಕೆಂದು ನಾನು ಹೇಳಿದೆ. ಹೆಣ್ಣುಮಕ್ಕಳು, ಅದೂ ಸೀರೆ ಉಟ್ಟವರು, ಸೈಕಲ್ ಹತ್ತುವುದನ್ನು ಲಿಂಗಸುಗೂರು ಅಲ್ಲಿಯವರೆಗೆ ಕಂಡಿರಲಿಲ್ಲ. ದವಾಖಾನೆಯ ಕಂಪೌಂಡರನ ಸೈಕಲ್ ಕೇಳಿ ತಂದು ಊರ ಶಾಲೆಯ ಬಯಲಿಗೆ ಹೋದರೆ ಅರ್ಧ ಊರು ನೋಡಲು ಬಂದು ನಿಂತಿತ್ತು. ಮಸ್ಕಿಯ ಹುಡುಗಿ ಕಚ್ಚೆ ಬಿಗಿದು ಹತ್ತಿದವಳು ಎರಡು ಸಲ ಬಿದ್ದಳು, ಮೂರನೆಯ ಸಲ ಬಯಲು ಸುತ್ತಿ ಬಂದಳು. ಸಾಲಗುಂದದಾಕೆ ಸೀಟಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡುಬಿಟ್ಟಳು. ಜನ ಹೋ ಎಂದು ನಕ್ಕರು.

ಅಜ್ಜಿ ಕುರಿ ಕಾಯುವ ಕೋಲು ಹಿಡಿದು ಮುಂದೆ ಬಂದಳು. "ನಿಮ್ಮ ಹೆಂಡ್ರು ಹಡಿಯಾಕತ್ತಾಗ ಇವ್ರು ಜಲ್ದಿ ಬರಬೇಕೋ ಬ್ಯಾಡೋ? ಬೇಕಂದ್ರ ಬಾಯಿ ಮುಚಗೊಂಡ ನಿಂದರ್ರಿ. ಬ್ಯಾಡಂದ್ರ ಮನಿಗೆ ನಡೀರಿ." ಯಾರೂ ನಗಲಿಲ್ಲ. ಒಬ್ಬ ಮುದುಕ ತಾನೇ ಬಂದು ಸಾಲಗುಂದದಾಕೆಯ ಸೈಕಲ್ಲಿನ ಹಿಂದೆ ಹಿಡಿದುಕೊಂಡ.

ಅಲ್ಲಿಂದ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಬೆಳಿಗ್ಗೆ ಮಸ್ಕಿಯವಳು ಸೈಕಲ್ ಹಿಡಿದು ಕಲಿಸುವುದು, ಸಂಜೆ ಸಾಲಗುಂದದಾಕೆ ಅವಳನ್ನು ಎದುರಿಗೆ ನಿಲ್ಲಿಸಿ ಪಾಠ ಹೇಳಿಸುವುದು. ಸೈಕಲ್ ಬೇಗ ಬಂತು. ದನಿ ಬರಲಿಲ್ಲ.

ಅದು ಬಂದದ್ದು ಮಸ್ಕಿಯ ಸಂತೆಯಲ್ಲಿ.

ಆ ಬೇಸಿಗೆ ಅಲ್ಲಲ್ಲಿ ಸಿಡುಬು ಕಾಣಿಸಿಕೊಂಡಿತ್ತು. ಲಸಿಕೆ ಹಾಕುವುದಕ್ಕೆ ನಮ್ಮ ಕಡೆ 'ದೇವಿ ಹಾಕೋದು' ಎನ್ನುತ್ತಾರೆ. ದೇವಿ ಹಾಕುವವರು ಬಂದರೆಂದರೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊಲಕ್ಕೆ ಓಡುತ್ತಿದ್ದ ಕಾಲ. ಸಂತೆಯ ದಿನ ಹಿಡಿಯೋಣವೆಂದು ನಾನು ಹುಡುಗಿಯರನ್ನು ಕರೆದುಕೊಂಡು ಹೋಗಿ ಬೇವಿನ ಮರದ ಕೆಳಗೆ ಮೇಜು ಹಾಕಿಸಿದೆ. ಅಜ್ಜಿ ತನ್ನೂರಿನ ಸಂತೆ ಎಂದು ಜೊತೆಗೆ ಬಂದು, ಉಣ್ಣೆ ಮಾರುವವರ ಸಾಲಿನಲ್ಲಿ ಮಾತಾಡುತ್ತ ಕೂತಿದ್ದಳು. ಹೆಲ್ತ್ ಇನ್‌ಸ್ಪೆಕ್ಟರರು ಕೂಗಿ ಕೂಗಿ ಕರೆದರು. ಗದರಿಸಿದರು. ಒಬ್ಬರೂ ಹತ್ತಿರ ಬರಲಿಲ್ಲ. ಮಕ್ಕಳ ಮೇಲೆ ಸೆರಗು ಹೊದಿಸಿಕೊಂಡು ದೂರದಲ್ಲೇ ನಿಂತಿದ್ದರು.

ನನ್ನ ಪಕ್ಕದಲ್ಲಿ ನಿಂತಿದ್ದ ಮಸ್ಕಿಯ ಹುಡುಗಿ ಇದ್ದಕ್ಕಿದ್ದಂತೆ ಮೇಜಿನ ಮುಂದೆ ಹೋಗಿ ನಿಂತಳು. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು.

"ಯವ್ವಾರ, ನನ್ನ ಮುಖ ನೋಡ್ರಿ," ಎಂದಳು. ದನಿ ನಡುಗುತ್ತಿತ್ತು, ಆದರೆ ಸಂತೆಗೆ ಕೇಳಿಸುವಷ್ಟು ದೊಡ್ಡದಿತ್ತು. "ನಾ ಇದ ಊರಾಕಿ. ನನ್ನ ಗುರತ ಐತಿ ನಿಮಗ. ನಾ ಸಣ್ಣಾಕಿದ್ದಾಗ ದೇವಿ ಹಾಕೋರು ಬಂದಿದ್ರು. ನನ್ನನ್ನ, ನನ್ನ ತಮ್ಮನ್ನ ಕಂಬಳ್ಯಾಗ ಸುತ್ತಿ ಮುಚ್ಚಿಟ್ರು. ಆಮ್ಯಾಲ ನಮ್ಮಿಬ್ರಿಗೂ ಬಂತು. ನಾ ಹಿಂಗ ಉಳದೆ. ಅವ ಉಳೀಲಿಲ್ಲ."

ಅವಳಿಗೊಬ್ಬ ತಮ್ಮನಿದ್ದ ಎಂಬುದು ನನಗೂ ಗೊತ್ತಿರಲಿಲ್ಲ.

ಉಣ್ಣೆಯ ಸಾಲಿನಿಂದ ಅಜ್ಜಿ ಎದ್ದಳು. ಕೋಲೂರುತ್ತ ನಡೆದು ಬಂದು ಮೊಮ್ಮಗಳ ಪಕ್ಕದಲ್ಲಿ ನಿಂತಳು. "ಮುಚ್ಚಿಟ್ಟಾಕಿ ನಾನ," ಎಂದಳು. "ತಿಳೀಲಿಲ್ಲ. ಈಗ ತಿಳದೈತಿ. ತರ್ರಿ ಕೂಸುಗಳನ್ನ."

ಅಷ್ಟೇ ಅಂದದ್ದು. ಹತ್ತಿರದಲ್ಲಿ ನಿಂತಿದ್ದ ತನ್ನ ಬಳಗದ ಹೆಂಗಸೊಬ್ಬಳ ಕಂಕುಳಿನಿಂದ ಕೂಸನ್ನು ತಾನೇ ಎತ್ತಿಕೊಂಡು ಮೇಜಿಗೆ ತಂದಳು. ಮೊಮ್ಮಗಳೇ ಅದಕ್ಕೆ ಲಸಿಕೆ ಹಾಕಿದಳು. ಆಮೇಲೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು. ಸಂಜೆ ಸಂತೆ ಚದುರುವವರೆಗೂ ನಮ್ಮ ಹುಡುಗಿಯರು ಕೂರಲಿಲ್ಲ. ಮಸ್ಕಿಯ ಹುಡುಗಿಯ ದನಿ ಬಿದ್ದುಹೋಗಿತ್ತು, ಅಷ್ಟು ಮಾತಾಡಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಮೊಮ್ಮಗಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಅದಾಗಿ ಸ್ವಲ್ಪ ದಿನಕ್ಕೆ ಅಜ್ಜಿ ಒಂದು ಬೆಳಿಗ್ಗೆ ತನ್ನ ಗಂಟು ಕಟ್ಟಿದಳು. "ಕುರಿ ಈಯೂ ಹೊತ್ತಾತು. ನಾ ಹೊಂಟೆ," ಎಂದಳು.

"ಕಾಯೋರು ಯಾರು ಯಮ್ಮಾ ಇನ್ನ?" ಎಂದು ನಾನು ನಗುತ್ತ ಕೇಳಿದೆ.

"ಇಲ್ಲಿ ಕಾಯೂವಂಥಾದ್ದು ಏನೂ ಇಲ್ಲ ಬಿಡು. ಹುಡುಗ್ಯಾರು ಬರಾಬರ್ ಅದಾರ. ನೀನೂ ಬರಾಬರ್ ಅದಿ." ಹೈದರಾಬಾದಿನಲ್ಲಿ ನನಗೆ ಕೊಟ್ಟ ಸರ್ಟಿಫಿಕೇಟು ಈಗಲೂ ಪೆಟ್ಟಿಗೆಯಲ್ಲಿದೆ. ಅದನ್ನು ತೆಗೆದು ನೋಡುವುದು ಕಡಿಮೆ. ಅಜ್ಜಿಯ ಈ ಮಾತು ಮಾತ್ರ ಆಗಾಗ ನೆನಪಾಗುತ್ತದೆ.

ಕೊನೆಯ ವರ್ಷ ಹುಡುಗಿಯರನ್ನು ಕಾಲುವೆ ಸೀಮೆಯ ಹಳ್ಳಿಗಳಿಗೆ ಕಳಿಸಿ, ಜೊತೆಗೆ ನಾನು ಹೋಗಿ ಅವರ ಕೆಲಸ ನೋಡಬೇಕಿತ್ತು. ನೋಡುವವರು ಕೈ ಹಾಕಬಾರದು, ಬಾಯಿ ಹಾಕಬಾರದು, ಅಪಾಯವಿದ್ದರೆ ಮಾತ್ರ ನಡುವೆ ಬರಬೇಕು ಎಂಬುದು ನಾನೇ ಹಾಕಿಕೊಂಡ ನಿಯಮ. ಹೇಳುವುದು ಸುಲಭ. ದಢೇಸುಗೂರಿನಲ್ಲಿ ಅವತ್ತು ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ ಬಗೆ ನನಗೇ ಗೊತ್ತು.

ಭತ್ತದ ಕೊಯ್ಲಿನ ಕಾಲ. ಚೊಚ್ಚಿಲ ಬಸುರಿಯೊಬ್ಬಳಿಗೆ ಬೆಳಿಗ್ಗೆಯಿಂದ ಬ್ಯಾನಿ ಶುರುವಾಗಿದೆ ಎಂದು ಕರೆ ಬಂತು. ಮಸ್ಕಿಯ ಹುಡುಗಿ ಹೆರಿಗೆ ಚೀಲ ಎತ್ತಿಕೊಂಡು ಹೊರಟಳು, ಹಿಂದೆ ನಾನು. ಬಸುರಿಯನ್ನು ನೋಡಿದ ಕೂಡಲೇ ಇದು ಅಪಾಯದ ಹೆರಿಗೆ ಎಂದು ನನಗೆ ಗೊತ್ತಾಯಿತು. ಮುಖ ಊದಿಕೊಂಡು ಕಣ್ಣು ಒಳಗೆ ಸೇರಿದ್ದವು. ಬಳೆಗಳು ಕೈಗೆ ಕಚ್ಚಿಕೊಂಡಿದ್ದವು. ಹುಡುಗಿ ನೋಡುತ್ತಾಳೋ ಇಲ್ಲವೋ ಎಂದು ಕಾದೆ.

ಅವಳು ಹೊಟ್ಟೆಗೆ ಕೈಯಿಡುವ ಮೊದಲೇ ಪಕ್ಕದಲ್ಲಿ ಕೂತು, ಮೆಲ್ಲಗೆ ಕೇಳಿದಳು: "ತೆಲಿ ನೋಯತೈತೇನವಾ?"

"ಒಡದ ಹೋಗತೈತ್ರೀ."

"ಕಣ್ಣ ಬರಾಬರ್ ಕಾಣತಾವೇನು?"

"ಮುಂಜಾನಿಂದ ಮಬ್ಬ ಮಬ್ಬ."

ಹುಡುಗಿ ನನ್ನ ಕಡೆ ಒಮ್ಮೆ ತಿರುಗಿ ನೋಡಿದಳು. ನಾನು ಮುಖದಲ್ಲಿ ಏನೂ ತೋರಿಸಲಿಲ್ಲ. ಅವಳು ಎದ್ದು ಅತ್ತೆಯನ್ನು ಕರೆದಳು. "ಯಮ್ಮಾ, ಇವರನ್ನ ಈಗ ಸಿಂಧನೂರ ದವಾಖಾನಿಗೆ ಒಯ್ಯಬೇಕು. ಇಲ್ಲಿ ಹಡಿಯೂದು ಸರಿ ಹೋಗಂಗಿಲ್ಲ."

ಅತ್ತೆ ಕೇಳಲಿಲ್ಲ. "ಯಾಕ? ಮುಖ ಬಾತ್ರ ಗಂಡು ಹುಟ್ಟತೈತಿ ಅಂತಾರ. ನಾವೆಲ್ಲಾ ಇದ ಮನ್ಯಾಗ ಹಡದೀವಿ. ದವಾಖಾನಿಗೆ ಹೋದ್ರ ಹೊಟ್ಟಿ ಕೊಯ್ತಾರ."

ಇಂಥ ಕಡೆ ನಾನಾದರೆ ದಬಾಯಿಸುತ್ತಿದ್ದೆ. ಸಾಯುತ್ತಾಳೆ ಎಂದು ಹೆದರಿಸುತ್ತಿದ್ದೆ. ಹುಡುಗಿ ಹಾಗೆ ಮಾಡಲಿಲ್ಲ. ಅತ್ತೆಯ ಕೈ ಹಿಡಿದು ಹಾಸಿಗೆಯ ಪಕ್ಕ ಕೂರಿಸಿಕೊಂಡಳು.

"ನಿಮ್ಮ ಕಣಕಾಲ ಒತ್ತಿ ನೋಡ್ರಿ. ಹಿಂಗ, ಹೆಬ್ಬೆಟ್ಟಿಂದ."

ಅತ್ತೆ ಏನೋ ಆಟವೆಂಬಂತೆ ಒತ್ತಿದಳು. ಬೆರಳು ತೆಗೆದಾಗ ಕಾಲು ಮೊದಲಿನ ಹಾಗೇ ಇತ್ತು.

"ಈಗ ನಿಮ್ಮ ಸೊಸಿ ಕಾಲ ಒತ್ತಿ ನೋಡ್ರಿ."

ಒತ್ತಿದಳು. ಬೆರಳು ತೆಗೆದ ಕಡೆ ಕುಳಿ ಬಿದ್ದು, ಹಸಿ ಗೋಡೆಯಲ್ಲಿ ಬೆರಳೂರಿದಂತೆ ಹಾಗೆಯೇ ಉಳಿಯಿತು. ಅತ್ತೆ ಅದು ತುಂಬಿಕೊಳ್ಳಲೆಂದು ಕಾದಳು. ತುಂಬಿಕೊಳ್ಳಲಿಲ್ಲ.

"ಇಂಥಾ ನೀರು ಮೈಯೆಲ್ಲಾ ತುಂಬೈತಿ ಯಮ್ಮಾ. ತೆಲಿಗೆ ಏರಿದ್ರ ಫಿಟ್ಸ್ ಬರತೈತಿ. ಬಂದ ಮ್ಯಾಲ ನನ್ನ ಕೈಯಾಗ ಇರಂಗಿಲ್ಲ. ಈಗ ಐತಿ."

ಅತ್ತೆ ಸೊಸೆಯ ಕಾಲಿನ ಮೇಲಿನ ಕುಳಿಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಹೊರಗೆ ನಿಂತಿದ್ದ ಮಗನಿಗೆ, "ಗಾಡಿ ಹೂಡು," ಎಂದಳು.

"ಗಾಡಿ ಬ್ಯಾಡ, ತಡ ಆಗತೈತಿ," ಎಂದು ಹುಡುಗಿ ಸೈಕಲ್ ಹತ್ತಿ ಪಕ್ಕದ ಕ್ಯಾಂಪಿಗೆ ಓಡಿಸಿದಳು. ತನಗೆ ಬರುವ ನಾಲ್ಕೇ ನಾಲ್ಕು ತೆಲುಗು ಮಾತಿನಲ್ಲಿ ಅಲ್ಲಿಯ ರೈತನಿಗೆ ಏನು ಹೇಳಿದಳೋ, ಅವನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ತುಂಬಿದ್ದ ಭತ್ತದ ಚೀಲಗಳನ್ನು ಅಲ್ಲಿಯೇ ಇಳಿಸಿ ಬಂದ. ಹುಡುಗಿ ಟ್ರೇಲರಿಗೆ ಮೊಣಕಾಲುದ್ದ ಹುಲ್ಲು ಹಾಕಿಸಿ ಬಸುರಿಯನ್ನು ಎಡ ಮಗ್ಗುಲಿಗೆ ಮಲಗಿಸಿದಳು. ಬಿಸಿಲು ಕಣ್ಣಿಗೆ ಬೀಳದಂತೆ ಎರಡು ಪದರದ ಸೀರೆಯನ್ನು ಅತ್ತೆಯ ಕೈಯಲ್ಲಿ ಹಿಡಿಸಿ ತಾನು ಪಕ್ಕದಲ್ಲಿ ಕೂತಳು. ಕಾಲುವೆ ದಂಡೆಯ ದಾರಿಯುದ್ದಕ್ಕೂ, "ಮೆಲ್ಲಕ ರೀ, ಮೆಲ್ಲಕ" ಎಂದು ರೈತನಿಗೆ ಹೇಳುತ್ತ, ಒಂದು ಕೈ ಅವಳ ನಾಡಿಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಎಡ ಮಗ್ಗುಲು, ಕತ್ತಲು, ಕುಲುಕದಂತೆ ಒಯ್ಯುವುದು ಎಲ್ಲ ನಾನು ಕಲಿಸಿದ್ದು. ಅತ್ತೆಯ ಕೈಯಿಂದಲೇ ಕಾಲು ಒತ್ತಿಸಿದ್ದು ನಾನು ಕಲಿಸಿದ್ದಲ್ಲ.

ಸಿಂಧನೂರಿನಲ್ಲಿ ಡಾಕ್ಟರಮ್ಮ ಕಾದಿದ್ದವರಂತೆ ಒಳಗೆ ಕರೆದುಕೊಂಡರು. ಇಂಜೆಕ್ಷನ್ ಆಯಿತು, ಇಕ್ಕಳ ಹಾಕಿ ಹೆರಿಗೆಯೂ ಆಯಿತು. ಹೊಟ್ಟೆ ಕೊಯ್ಯುವ ಪ್ರಸಂಗ ಬರಲಿಲ್ಲ. ಹೆಣ್ಣು ಕೂಸು. ಸ್ವಲ್ಪ ಸಣ್ಣದು, ಆದರೆ ಅಳುವಿನಲ್ಲಿ ಜೋರು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನನ್ನು ನೋಡಿ, "ನೀವು ಸರಿಯಾದ ಹೊತ್ತಿಗೆ ತಂದಿರಿ ಸಿಸ್ಟರ್," ಎಂದರು.

"ನಾನಲ್ಲ ಡಾಕ್ಟರೇ. ಈಕಿ ತಂದಾಳ. ನನ್ನ ವಿದ್ಯಾರ್ಥಿನಿ," ಎಂದೆ. ಹುಡುಗಿ ಆ ಹೊತ್ತಿಗೆ ನಲ್ಲಿಯ ಹತ್ತಿರ ನಿಂತು ಮೊಣಕೈವರೆಗೆ ಸೋಪು ಹಚ್ಚಿಕೊಳ್ಳುತ್ತಿದ್ದಳು. ಅತ್ತೆ ಅವಳ ಹಿಂದೆ ಹೋಗಿ, ಒದ್ದೆ ಬೆನ್ನ ಮೇಲೆ ಕೈಯಾಡಿಸಿ, "ನಿಮ್ಮವ್ವ ಪುಣ್ಯಾ ಮಾಡಿದಾಕಿ" ಎಂದಳು. ಹುಡುಗಿ ತಿರುಗಲಿಲ್ಲ. ನೀರು ಬಹಳ ಹೊತ್ತು ಬಿಟ್ಟುಕೊಂಡೇ ನಿಂತಿದ್ದಳು.

ಪರೀಕ್ಷೆಯಲ್ಲಿ ಸಾಲಗುಂದದಾಕೆ ಮೊದಲ ಸ್ಥಾನ ಪಡೆದಳು. ಮಸ್ಕಿಯ ಹುಡುಗಿ ಅವಳ ಹಿಂದೆಯೇ ಬಂದಳು. ಬಾಯಿಮಾತಿನ ಪರೀಕ್ಷೆಗೆ ರಾಯಚೂರಿನಿಂದ ಬಂದಿದ್ದ ಡಾಕ್ಟರು ಅವಳನ್ನು ಕೇಳಿದ್ದಕ್ಕಿಂತ ಅವಳು ಹೇಳಿದ್ದೇ ಹೆಚ್ಚಂತೆ. ಸಾಲಗುಂದದಾಕೆಗೆ ತನ್ನ ಊರಿನ ಹತ್ತಿರವೇ ಕೆಲಸ ಸಿಕ್ಕಿತು. ಅಣ್ಣನ ಮನೆಯ ಮೂಲೆಯಲ್ಲಿ ಕೂರಬೇಕಿದ್ದವಳು ಸ್ವಂತ ಬಾಡಿಗೆ ಮನೆ ಮಾಡಿ, ಬಿಳಿ ಸೀರೆಯುಟ್ಟು ಸೈಕಲ್ಲಿನಲ್ಲಿ ತಿರುಗುವುದನ್ನು ಆ ಸೀಮೆ ಕಂಡಿತು. ಬಸ್ಸಿನ ಹಾದಿ ಅಲ್ಲಿಂದ ಹೋಗುವಾಗೆಲ್ಲ ನಾನು ಕಿಟಕಿಯಲ್ಲಿ ಹುಡುಕುತ್ತಿದ್ದೆ.

ಮುಂದಿನ ವರ್ಷ ಹುಡುಗಿಯರನ್ನು ಹುಡುಕಿಕೊಂಡು ನಾನು ಊರೂರು ಅಲೆಯಬೇಕಾಗಲಿಲ್ಲ. ಒಂದು ಮಧ್ಯಾಹ್ನ ದವಾಖಾನೆಯ ಗೇಟಿನಲ್ಲಿ ಗದ್ದಲ ಕೇಳಿ ಹೊರಗೆ ಬಂದರೆ ಅಜ್ಜಿ ನಿಂತಿದ್ದಾಳೆ, ಅವಳ ಹಿಂದೆ ಕುರಿಗಾರರ ಓಣಿಯ ಮೂವರು ಹುಡುಗಿಯರು, ಕೈಯಲ್ಲಿ ಬಟ್ಟೆಯ ಗಂಟು.

"ಇವ್ರೂ ಏಳನೇತ್ತ ಕಲ್ತಾರ. ಇವ್ರ ಅಪ್ಪಗೋಳು ಒಲ್ಲೆ ಅಂದ್ರು. ನಾ ಒಪ್ಪಸೀನಿ. ಕಲಸು," ಎಂದಳು.

"ನೀವೂ ಇರ್ತೀರೇನು ಯಮ್ಮಾ?"

"ನನಗ ಹೊತ್ತಿಲ್ಲ. ನೀನ ಕಾಯಿ," ಎಂದು ಒಂದು ಲೋಟ ನೀರು ಕುಡಿದು ಅದೇ ಬಸ್ಸಿಗೆ ವಾಪಸು ಹೋದಳು.

ಕೆಲವು ವರ್ಷಗಳಲ್ಲಿ ನಮ್ಮ ತಗಡಿನ ಕೋಣೆಯಲ್ಲಿ ಹೊರಗಿನವರಿಗಿಂತ ನಮ್ಮ ಸೀಮೆಯವರೇ ಹೆಚ್ಚಾದರು. ಅವರೆಲ್ಲರ ಕಥೆ ಹೇಳಹೊರಟರೆ ಮುಗಿಯುವುದಿಲ್ಲ.

ಎಪ್ಪತ್ತರ ಆರಂಭದ ಹೊತ್ತಿಗೆ ಸಿಂಧನೂರಿನ ಹತ್ತಿರ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಊರುಗಳನ್ನು ಕಟ್ಟಿದ್ದರು. ಆ ಪುನರ್ವಸತಿ ಊರುಗಳನ್ನು ನಾವು ಆರ್.ಎಚ್. ಕ್ಯಾಂಪ್ ಎನ್ನುತ್ತಿದ್ದೆವು. ಅಲ್ಲಿಗೆ ಹೋಗಲು ದಾದಿಯರು ಹಿಂಜರಿಯುತ್ತಿದ್ದರು. ಭಾಷೆ ಬರುವುದಿಲ್ಲ, ಊಟ ಬೇರೆ. ಮಸ್ಕಿಯ ಹುಡುಗಿ ತಾನೇ ಕೇಳಿ ಹಾಕಿಸಿಕೊಂಡಳು ಎಂದು ಸುದ್ದಿ ಬಂತು. ಅಷ್ಟರಲ್ಲಿ ಅವಳಿಗೆ ಮದುವೆಯೂ ಆಗಿತ್ತು. ಗಂಡ ಕಾಲುವೆ ಇಲಾಖೆಯಲ್ಲಿ ಗೇಟು ಎತ್ತಿ ಇಳಿಸುವ ಕೆಲಸದವನು. ದಢೇಸುಗೂರಿನಲ್ಲಿ ಅವಳು ಸೈಕಲ್ಲಿನಲ್ಲಿ ಹೋಗುವುದನ್ನು ಕಂಡು ತಾನಾಗಿಯೇ ಮಸ್ಕಿಗೆ ಹೋಗಿ ಹೆಣ್ಣು ಕೇಳಿದವನು.

ಒಂದು ದಿನ ಹೇಳದೆ ಕೇಳದೆ ಅವಳ ಕೆಲಸ ನೋಡಲು ಹೋದೆ. ಹುಲ್ಲಿನ ಮಾಡಿನ ಒಂದು ಕೋಣೆಯ ಮುಂದೆ ಬಂಗಾಳಿ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಉದ್ದಕ್ಕೆ ಕೂತಿದ್ದರು. ಒಳಗಿನಿಂದ ಅವಳ ದನಿ ಕೇಳುತ್ತಿತ್ತು. ಅರ್ಧ ಬಂಗಾಳಿ, ಅರ್ಧ ಮಸ್ಕಿ. ಯಾರನ್ನೋ ಗದರುತ್ತಿದ್ದಳು, ಯಾರೋ ನಗುತ್ತಿದ್ದರು. ನಾನು ಸೀದಾ ಬಾಗಿಲಿಗೆ ಹೋಗಿ ಇಣುಕಿದೆ. ಜ್ವರದ ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಹಿಡಿದಿದ್ದವಳು ಕಣ್ಣೆತ್ತಿ ನೋಡಿದಳು. ಮುಖ ಅರಳಿತು. ಆದರೆ ಏಳಲಿಲ್ಲ.

"ಅಕ್ಕಾರ, ಭಾಳ ಮಂದಿ ಅದಾರ್ರೀ. ಸ್ವಲ್ಪ ಅಲ್ಲೇ ಕುಂದರ್ರಿ, ಸರತಿ ಬರ್ಲಿ," ಎಂದು ಮತ್ತೆ ಮಗುವಿನ ಕಡೆ ತಿರುಗಿದಳು.

ಸಾಲಿನ ಕೊನೆಯಲ್ಲಿದ್ದ ಒಬ್ಬ ಎಳೆಯ ತಾಯಿ ಸರಿದು ಚಾಪೆಯ ತುದಿಯಲ್ಲಿ ಜಾಗ ಕೊಟ್ಟಳು. ಅವಳ ಭಾಷೆ ನನಗೆ ಬರುತ್ತಿರಲಿಲ್ಲ, ನನ್ನದು ಅವಳಿಗೆ ಬರುತ್ತಿರಲಿಲ್ಲ. ಅವಳು ಕೋಣೆಯ ಕಡೆ ಬೆರಳು ಮಾಡಿ, "ದೀದಿ ಭಾಲೋ," ಎಂದಳು. ಅಕ್ಕ ಒಳ್ಳೆಯವಳು ಎನ್ನುತ್ತಿದ್ದಾಳೆಂದು ನನಗೆ ತಿಳಿಯಿತು. ನನ್ನ ಎದೆಯ ಮೇಲೆ ಕೈಯಿಟ್ಟು, ಆಕೆಗೆ ಕಲಿಸಿದವಳು ನಾನು ಎಂದು ಹೇಳಬೇಕೆನಿಸಿತು. ಹೇಳುವುದು ಹೇಗೆಂದು ಗೊತ್ತಾಗಲಿಲ್ಲ. ಸುಮ್ಮನೆ ನಗುತ್ತ ತಲೆಯಾಡಿಸಿ, ಕಾಲು ಮಡಚಿ ಕೂತು ನನ್ನ ಸರತಿಗೆ ಕಾದೆ.